ಒಂಬತ್ತು ವರ್ಷ ಗುನುಗಿದ್ದೂ ಇಲ್ಲ, ಈಗ ಯಾವ ಹಾಡಿನಿಂದ ಶುರು ಮಾಡಲಿ?

ಸೋನೆಮಳೆ, ಹೊಸನಗರದ ಕಡೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ನೀವು ಬರೆಯುವುದನ್ನು ಓದುತ್ತಿದ್ದೇನೆ. ನಾನು ಬರೆಯುತ್ತಿರುವುದು ಇದೇ ಮೊದಲು. ಕೇಳಬೇಕಾದದ್ದು ಸಣ್ಣ ವಿಷಯ, ಆದರೆ ಹಿಂದಿನದು ಸ್ವಲ್ಪ ಹೇಳದಿದ್ದರೆ ಅರ್ಥ ಆಗುವುದಿಲ್ಲ.

ನನಗೆ 34 ವರ್ಷ. ಮದುವೆಯಾಗಿ ಒಂಬತ್ತು ವರ್ಷ ಪೇಟೆಯಲ್ಲಿದ್ದೆ. ಹೋದ ವರ್ಷ ಆಷಾಢದಲ್ಲಿ ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಬಂದೆ. ಇನ್ನು ವಾಪಸ್ ಹೋಗುವುದಿಲ್ಲ. ಹೊಡೆತದ ವಿಷಯ ಇಲ್ಲಿ ಬರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಹಾಡಿನ ವಿಷಯ.

ಶಾಲೆಯಲ್ಲಿ ನಾನು ಚೆನ್ನಾಗಿ ಹಾಡುತ್ತಿದ್ದೆ. ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ತಾಲೂಕು ಮಟ್ಟದಲ್ಲಿ ಎರಡನೇ ಬಹುಮಾನ ಬಂದಿತ್ತು. ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರು. ಅಮ್ಮ ಈಗಲೂ ಅದರಲ್ಲಿ ಸಾಸಿವೆ ಹಾಕಿಡುತ್ತಾಳೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ನನಗೆ ಗೊತ್ತಿಲ್ಲದೆಯೇ ಗುನುಗುತ್ತಿದ್ದೆ. ಮದುವೆಯಾದ ಎರಡನೇ ತಿಂಗಳು ಅವರು, "ಎಂಥ ಅದು, ನೊಣ ಹಾರಿದ ಹಾಗೆ? ಬಾಯಿ ಮುಚ್ಚು" ಎಂದರು. ತಮಾಷೆ ಅಂದುಕೊಂಡೆ. ಆಮೇಲೆ ಅಡುಗೆಮನೆಯ ರೇಡಿಯೊ ಅಟ್ಟ ಸೇರಿತು. ಫೋನಿನಲ್ಲಿ ಹಾಡು ಹಾಕಿದರೆ "ಯಾರ ನೆನಪಾಯ್ತು?" ಎಂಬ ಪ್ರಶ್ನೆ. ಗೇಟಿನ ಚಿಲಕ ಸದ್ದಾದರೆ ಸಾಕು, ಗಂಟಲಲ್ಲಿದ್ದದ್ದು ಅಲ್ಲೇ ನಿಲ್ಲುತ್ತಿತ್ತು. ಕೊನೆಕೊನೆಗೆ ಅವರು ನಾಲ್ಕು ದಿನ ಊರಲ್ಲಿ ಇಲ್ಲದಿದ್ದರೂ ನನ್ನ ಬಾಯಿಂದ ಒಂದು ಸಾಲು ಬರುತ್ತಿರಲಿಲ್ಲ.

ಈಗ ಬೇಡ ಅನ್ನುವವರು ಯಾರೂ ಇಲ್ಲ. ಆದರೂ ಬರುವುದಿಲ್ಲ. ಹೊಲಿಗೆ ಮೆಷಿನ್ ಮುಂದೆ ಕೂತಾಗ ಫೋನಿನಲ್ಲಿ ಹಾಡು ಹಾಕಿಕೊಳ್ಳುತ್ತೇನೆ. ಪ್ರೀತಿಯ ಹಾಡು ಬಂದರೆ ಹೊಟ್ಟೆ ತೊಳಸುತ್ತದೆ. ನಿನ್ನನ್ನು ಬಿಟ್ಟು ಇರಲಾರೆ, ನೀನು ನನ್ನವಳೇ ಎಂಬ ಮಾತೆಲ್ಲ ನನಗೆ ಈಗ ಬೆದರಿಕೆಯ ಹಾಗೆ ಕೇಳಿಸುತ್ತದೆ. ಹೋಗಲಿ ದೇವರ ಹಾಡು ಕೇಳೋಣ ಎಂದರೆ ಅದರಲ್ಲೂ ಒಂದು ಮುಳ್ಳಿದೆ. ನಮ್ಮ ಮನೆಯ ಭಜನೆಯಲ್ಲಿ "ತಾಳುವಿಕೆಗಿಂತನ್ಯ ತಪವು ಇಲ್ಲ" ಹೇಳುತ್ತಾರೆ. ನಾನು ಮೊದಲ ಸಲ ಅಳುತ್ತಾ ಬಂದಾಗ ದೊಡ್ಡಮ್ಮ ಇದೇ ಸಾಲು ಹೇಳಿ, ತಲೆ ಸವರಿ, ಬಸ್ಸು ಹತ್ತಿಸಿದ್ದರು. ಅವರ ಮೇಲೆ ಸಿಟ್ಟಿಲ್ಲ. ಆದರೆ ಆ ಹಾಡು ಶುರುವಾದರೆ ನಾನು ಎದ್ದು ಕೊಟ್ಟಿಗೆಗೆ ಹೋಗುತ್ತೇನೆ.

ಇನ್ನೊಂದು ವಿಷಯ. ಮಗಳು ಎರಡನೇ ಕ್ಲಾಸು. ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಗೋವಿನ ಹಾಡು ಕಲಿಸುತ್ತಿದ್ದಾರೆ. ಸಂಜೆ ನನ್ನ ಹತ್ತಿರ ಹೇಳಿಸಿಕೊಳ್ಳುತ್ತಾಳೆ. ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹುಲಿಯ ಗವಿಗೆ ಹೊರಡುವ ಜಾಗ ಬಂದರೆ ನನ್ನ ಕೈ ನಡುಗುತ್ತದೆ. ನಾನು ಮೂರು ಸಲ ವಾಪಸ್ ಹೋದವಳು. ಮೂರು ಸಲವೂ ಕೊಟ್ಟ ಮಾತಿಗೆ ಅಂತಲೇ ಹೋದೆ. ಹಾಡಿನಲ್ಲಿ ಹುಲಿಗೆ ತಾನು ಮಾಡಿದ್ದು ತಪ್ಪು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಹಾಗೆ ಆಗಲಿಲ್ಲ. ಮೊನ್ನೆ ಮಗಳು, "ಅಮ್ಮ, ಪುಣ್ಯಕೋಟಿ ಎಂತಕ್ಕೆ ವಾಪಸ್ ಹೋಗಿದ್ದು? ಕೊಟ್ಟಿಗೆಯಲ್ಲೇ ಇರಬಹುದಿತ್ತಲ್ವಾ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದೀಪ ಹಚ್ಚಬೇಕು ಎಂದು ಎದ್ದುಹೋದೆ.

ಇಂಥದ್ದನ್ನು ದಾಟಿ ಬಂದವರು ಇಲ್ಲಿದ್ದರೆ ಹೇಳಿ. ಯಾವ ಹಾಡು ನಿಮ್ಮ ಕೈ ಹಿಡಿಯಿತು? ಧೈರ್ಯ ತಗೋ ಎಂದು ಗದರುವ ಹಾಡು ಬೇಡ. ರಾತ್ರಿ ಮೂರು ಗಂಟೆಗೆ ತೋಟದಲ್ಲಿ ಅಡಿಕೆ ಹಾಳೆ ಬಿದ್ದ ಸದ್ದಿಗೆ ಎಚ್ಚರವಾಗಿ, ಎದೆ ಡವಡವ ಅನ್ನುತ್ತಿರುವಾಗ ಕೇಳುವಂಥದ್ದು ಬೇಕು.

ಹೊಳೆಯಾಚೆ, ತುಮರಿ

ತಂಗಿ, ನಿನ್ನದನ್ನು ಎರಡು ಸಲ ಓದಿದೆ. ನಾನು 2008ರಲ್ಲಿ ಬಂದವಳು. ಈಗ 51 ವರ್ಷ.

ಗಂಡನ ಮನೆ ಸಾಗರದ ಹತ್ತಿರ, ತವರು ಇಲ್ಲಿ, ಶರಾವತಿ ಹಿನ್ನೀರಿನ ಆಚೆ. ಹೊರಟ ದಿನ ಕೈಯಲ್ಲಿ ಒಂದು ಚೀಲ, ಸೊಂಟದಲ್ಲಿ ಒಂದೂವರೆ ವರ್ಷದ ಮಗ. ಹೊಳೆಬಾಗಿಲಿಗೆ ಬರುವವರೆಗೂ ಹಿಂದೆ ಯಾರಾದರೂ ಬೈಕಿನಲ್ಲಿ ಬಂದರಾ ಅಂತ ತಿರುಗಿ ತಿರುಗಿ ನೋಡುತ್ತಿದ್ದೆ. ಲಾಂಚ್ ಹತ್ತಿದೆ. ಅದು ದಡ ಬಿಟ್ಟಿತು. ನಡುನೀರಿನಲ್ಲಿ ಯಾರೂ ಬಂದು ನನ್ನನ್ನು ಇಳಿಸಿ ಕರೆದೊಯ್ಯಲು ಆಗುವುದಿಲ್ಲ ಎಂದು ಆಗ ಹೊಳೆಯಿತು. ಅಷ್ಟು ವರ್ಷಗಳಲ್ಲಿ ಹೆದರಿಕೆಯಿಲ್ಲದ ಮೊದಲ ಕಾಲು ಗಂಟೆ ಅದು. ಲಾಂಚಿನಲ್ಲಿ ಶಾಲೆ ಮಕ್ಕಳಿದ್ದರು. ಒಬ್ಬಳು ಹುಡುಗಿ "ದೋಣಿ ಸಾಗಲಿ ಮುಂದೆ ಹೋಗಲಿ" ಎತ್ತಿಕೊಂಡಳು, ಉಳಿದವರು ಸೇರಿಕೊಂಡರು. ಕುವೆಂಪು ಅವರದ್ದು. 1965ರ ಮಿಸ್ ಲೀಲಾವತಿ ಸಿನಿಮಾದಲ್ಲೂ ಇದೆ, ನಿನಗೂ ಗೊತ್ತಿರುತ್ತದೆ. ನಾನು ಹಾಡಲಿಲ್ಲ. ಮಗನ ತಲೆಗೆ ಬಾಯಿ ಒತ್ತಿಕೊಂಡು ಕೇಳಿದೆ. ಆ ಹಾಡಿನಲ್ಲಿ ಯಾರೂ ಯಾರನ್ನೂ ಹಿಡಿದುಕೊಳ್ಳುವುದಿಲ್ಲ. ದೋಣಿ ಹೋಗುತ್ತದೆ, ದೂರದ ದಡ ಹತ್ತಿರ ಬರುತ್ತದೆ, ಅಷ್ಟೇ. ನನಗೆ ಅವತ್ತು ಅಷ್ಟೇ ಬೇಕಿತ್ತು.

2025ರ ಜುಲೈಯಲ್ಲಿ ಸೇತುವೆ ಆಯಿತು. ಈಗ ಬಸ್ಸಿನಲ್ಲಿ ಕೂತರೆ ಹೊಳೆ ದಾಟಿದ್ದೇ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಳ್ಳೆಯದೇ ಆಯಿತು. ರಾತ್ರಿ ಬಸುರಿಯನ್ನು ಸಾಗಿಸಲು ಒದ್ದಾಡಿದವರಿಗೆ ಅದರ ಬೆಲೆ ಗೊತ್ತು. ಆದರೂ ನಾನು ದಾಟುವಾಗಲೆಲ್ಲ ಕಿಟಕಿಯಿಂದ ಕೆಳಗೆ ನೀರು ನೋಡುತ್ತೇನೆ, ಹಾಡು ಒಳಗೆ ತಾನಾಗಿ ಶುರುವಾಗುತ್ತದೆ.

ಈಗ ನಿನ್ನ ಗಂಟಲಿನ ವಿಷಯ. ನನಗೆ ಮೊದಲು ವಾಪಸ್ ಬಂದದ್ದು ಹಾಡಲ್ಲ ಮಾರಾಯ್ತಿ, ದನ ಕರೆಯುವ ಕೂಗು. ಬಂದು ಐದಾರು ತಿಂಗಳು ನಾನು ಪಿಸುಪಿಸು ಅಂತಲೇ ಮಾತಾಡುತ್ತಿದ್ದೆ. ಅಪ್ಪನಿಗೆ ಕಿವಿ ಮಂದ, ಪಾಪ, "ಎಂಥ? ಎಂಥ?" ಅನ್ನುತ್ತಿದ್ದರು. ಒಂದು ಸಂಜೆ ನಮ್ಮ ಕೆಂಪಿ ದನ ಪಕ್ಕದವರ ಗದ್ದೆಗೆ ನುಗ್ಗಿತು. ಪೈರು ತೆನೆ ಕಟ್ಟಿತ್ತು. ನಾನು ಅಂಗಳದ ತುದಿಗೆ ಓಡಿ "ಹೋಯ್, ಕೆಂಪೀ" ಎಂದು ಕೂಗಿದೆ. ಆಚೆ ಗುಡ್ಡಕ್ಕೆ ಹೋಗಿ ಅದು ವಾಪಸ್ ಬಂತು. ಯಾರ ದನಿ ಇದು ಅನ್ನಿಸಿತು. ಅಪ್ಪ ಒಳಗಿಂದ ಹೊರಗೆ ಬಂದು ನಿಂತರು, ಅವರಿಗೂ ಕೇಳಿಸಿತ್ತು. ಆವತ್ತಿನಿಂದ ಸಂಜೆ ದನ ಕರೆಯುವ ಕೆಲಸ ನಾನೇ ಇಟ್ಟುಕೊಂಡೆ. ಹಾಡು ಬಂದದ್ದು ಅದರ ಮುಂದಿನ ಅಡಿಕೆ ಸುಲಿಗೆಯಲ್ಲಿ, ಹತ್ತು ಹೆಂಗಸರ ಜೊತೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರು ಯಾರ ಮುಖವನ್ನೂ ನೋಡುವುದಿಲ್ಲ, ಬೆರಳು ಹೋದೀತು. ನಿನ್ನ ದನಿ ಸಣ್ಣಗಿದ್ದರೂ ಯಾರೂ ಗಮನಿಸುವುದಿಲ್ಲ. ನಿಮ್ಮಲ್ಲೂ ಸುಲಿಗೆ ಶುರುವಾಗಿರಬೇಕಲ್ಲ? ಹೋಗಿ ಕೂರು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನೀನು ಇನ್ನೂ "ಅವರು" ಎಂದೇ ಬರೆಯುತ್ತೀಯ. ನಾನೂ ಎರಡು ವರ್ಷ ಹಾಗೇ ಅಂದೆ. ಆತುರ ಏನಿಲ್ಲ.

ಕಿರಣ, ಭದ್ರಾವತಿ

ಅಕ್ಕ, ಬಂಗಾರದ ಮನುಷ್ಯ ಸಿನಿಮಾದ "ಆಗದು ಎಂದು ಕೈಲಾಗದು ಎಂದು" ಕೇಳಿ. 1972ರದ್ದು, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ನಮ್ಮಪ್ಪ ಫ್ಯಾಕ್ಟರಿ ಕೆಲಸ ಹೋದಾಗ ದಿನಾ ಬೆಳಗ್ಗೆ ಅದನ್ನೇ ಹಾಕುತ್ತಿದ್ದರು. ನಿಮಗೂ ಒಳ್ಳೆಯದಾಗಲಿ.

ಸೋನೆಮಳೆ, ಹೊಸನಗರದ ಕಡೆ

ಕಿರಣ, ಥ್ಯಾಂಕ್ಸ್. ಆ ಹಾಡು ನನಗೂ ಇಷ್ಟವಿತ್ತು. ನಿಮ್ಮ ಅಪ್ಪನಿಗೆ ಅದು ಯಾಕೆ ಬೇಕಿತ್ತು ಎಂದು ಅರ್ಥ ಆಗುತ್ತದೆ. ಆದರೆ ಈಗ ಕೇಳಿದರೆ ನನ್ನನ್ನೇ ಬೈದ ಹಾಗಾಗುತ್ತದೆ. ನಾನು ಕೈಕಟ್ಟಿ ಕೂತಿರಲಿಲ್ಲ. ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ದುಡಿದೆ, ಏನೂ ತಪ್ಪಾಗದ ಹಾಗೆ ನೋಡಿಕೊಂಡೆ. ಆದರೂ ಆಗಲಿಲ್ಲ. ಇದನ್ನು ಇನ್ನೊಂದು ವರ್ಷ ಬಿಟ್ಟು ಕೇಳುತ್ತೇನೆ.

ತುಮರಿ ಅಕ್ಕ, ನಿಮಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಲಾಂಚಿನ ವಿಷಯ ಓದಿ ತುಂಬಾ ಅತ್ತೆ.

ಕಿರಣ, ಭದ್ರಾವತಿ

ಸರಿ ಅಕ್ಕ. ನಾನು ಆ ದಿಕ್ಕಿನಿಂದ ಯೋಚನೆ ಮಾಡಿರಲಿಲ್ಲ.

ಹಳೇ ಮೇಷ್ಟ್ರು, ಶಿಕಾರಿಪುರ

ಮಗಳೇ, ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಜೊತೆಗೆ ಸಂಗೀತವನ್ನೂ. ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ನಿನ್ನ ದೊಡ್ಡಮ್ಮ ಮಾಡಿದ್ದನ್ನು ನಾನೂ ಮಾಡಿದ್ದೇನೆ. ನನ್ನ ತಂಗಿ ಬಂದು ಬಾಗಿಲಲ್ಲಿ ನಿಂತಾಗ "ಈಸಬೇಕು ಇದ್ದು ಜೈಸಬೇಕು" ಎಂದು ದಾಸರ ಮಾತು ಹೇಳಿ ಕಳಿಸಿದೆ. ಅವಳು ಏನೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದಳು. ಕೆಲವು ವರ್ಷಗಳಾದ ಮೇಲೆ ತಾನೇ ಬಿಟ್ಟು ಬಂದಳು, ನನ್ನ ಮನೆಗೆ ಅಲ್ಲ. ಈಗ ಮಾತಾಡುತ್ತೇವೆ. ಆದರೆ ಆ ಸಾಲನ್ನು ನಾನು ಆಮೇಲೆ ಯಾರ ಮುಂದೆಯೂ ಹಾಡಿಲ್ಲ. ಈಜು ಬಲ್ಲವರನ್ನು ಕೇಳು. ತುಂಗೆಯ ಸುಳಿಯಲ್ಲಿ ಸಿಕ್ಕಿದವನಿಗೆ ಅಲ್ಲೇ ಇದ್ದು ಗೆಲ್ಲು ಅಂತ ಯಾರೂ ಹೇಳುವುದಿಲ್ಲ, ದಡಕ್ಕೆ ಬಾ ಅನ್ನುತ್ತಾರೆ. ಇಷ್ಟು ಸುಲಭದ ವಿಷಯ ನನಗೆ ಆಗ ತಿಳಿಯಲಿಲ್ಲ.

ತಾಳುವಿಕೆಯ ಹಾಡನ್ನು ಬರೆದವರು ವಾದಿರಾಜರು, ಸನ್ಯಾಸಿಗಳು. ಅವರು ಪೆಟ್ಟು ತಿನ್ನುವ ಹೆಂಗಸಿಗೆ ಅದನ್ನು ಹೇಳಿದ್ದಲ್ಲ. ಅದನ್ನು ನಿನ್ನಂಥವರ ಮೇಲೆ ಹೇರಿದವರು ನಾವು, ಮನೆಯವರು. ಕೊಟ್ಟಿಗೆಗೆ ಎದ್ದು ಹೋಗುವುದು ನಿನಗೆ ಹಿತವಾದರೆ ಹಾಗೇ ಮಾಡು.

ನಮ್ಮೂರಿನ ಹತ್ತಿರವೇ ಉಡುತಡಿ ಇದೆ. ಅಕ್ಕಮಹಾದೇವಿ ಹುಟ್ಟಿದ ಊರು. 12ನೇ ಶತಮಾನದಲ್ಲಿ ಅರಸನನ್ನೂ ಅರಮನೆಯನ್ನೂ ಬಿಟ್ಟು ಹೊರಟ ಹೆಣ್ಣುಮಗಳು. "ಬೆಟ್ಟದ ಮೇಲೊಂದು ಮನೆಯ ಮಾಡಿ" ಎಲ್ಲರಿಗೂ ಗೊತ್ತು, ಅದರ ಕೊನೆಯಲ್ಲಿ ಸಮಾಧಾನಿಯಾಗಿರಬೇಕು ಎಂದು ಬರುತ್ತದೆ. ಅದನ್ನೂ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಲು ಬಳಸುತ್ತಾರೆ. ಹೇಳಿದವಳು ಮಾತ್ರ ಒಲ್ಲದ ಮನೆಯಲ್ಲಿ ಉಳಿಯಲಿಲ್ಲ, ಕಲ್ಯಾಣಕ್ಕೆ ನಡೆದಳು, ಅಲ್ಲಿಂದ ಶ್ರೀಶೈಲಕ್ಕೆ. ನೀನು ಅವಳ ಇನ್ನೊಂದು ವಚನ ಕೇಳು. "ಹಸಿವಾದಡೆ ಊರೊಳಗೆ ಭಿಕ್ಷಾನ್ನಗಳುಂಟು" ಎಂದು ಶುರುವಾಗುತ್ತದೆ. ಬಾಯಾರಿದರೆ ಕೆರೆ ಹಳ್ಳ ಬಾವಿಗಳುಂಟು, ಮಲಗಲು ಹಾಳು ದೇಗುಲಗಳುಂಟು. ಎಲ್ಲ ಬಿಟ್ಟು ಬಂದವಳು ಏನಿಲ್ಲ ಎಂದು ಎಣಿಸುವುದಿಲ್ಲ, ಏನುಂಟು ಎಂದು ಎಣಿಸುತ್ತಾಳೆ. ಆ "ಉಂಟು" ಎಂಬ ಪದದ ಮೇಲೆ ದನಿ ನಿಲ್ಲಿಸಿ ಹಾಡಿ ನೋಡು. ಎದೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ರಾತ್ರಿ ಮೂರು ಗಂಟೆಗೆ ಬೇಕು ಎಂದೆಯಲ್ಲ. ಆಗ ಹಾಡು ಕೇಳುವುದಕ್ಕಿಂತ ಒಂದು ಸಣ್ಣ ಕೆಲಸ ಮಾಡು. ಎದ್ದು ಕೂತು, ತುಟಿ ಮುಚ್ಚಿಕೊಂಡು, ನಿನಗೆ ಎಟುಕುವ ಕೆಳಗಿನ ಸ್ವರದಲ್ಲಿ "ಮ್" ಎಂದು ಎಳೆ. ಉಸಿರು ಮುಗಿಯುವವರೆಗೆ. ಹಾಡುವವರು ಉಸಿರನ್ನು ಬೇಗ ತೆಗೆದುಕೊಳ್ಳುತ್ತಾರೆ, ಬಹಳ ನಿಧಾನ ಬಿಡುತ್ತಾರೆ. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ದೇಹಕ್ಕೆ ಅದು ಗೊತ್ತಿರುವ ಭಾಷೆ. ಹತ್ತು ಸಲ ಮಾಡು. ಬಾಯಿ ಮುಚ್ಚು ಎಂದು ನಿನ್ನನ್ನು ಗದರಿದ್ದರಲ್ಲ, ಮುಚ್ಚಿದ ಬಾಯಿಯಿಂದಲೇ ಶುರುವಾಗಲಿ. ಆಮೇಲೆ ಹಗಲಲ್ಲಿ ಸರಳೆ ವರಸೆ. ಸರಿಗಮಪದನಿಸ. ಶಾಲೆಯಲ್ಲಿ ಕಲಿತದ್ದು ಮರೆತಿರುವುದಿಲ್ಲ. ಅದರಲ್ಲಿ ಮಾತೇ ಇಲ್ಲ. ಪ್ರೀತಿ ಇಲ್ಲ, ಉಪದೇಶ ಇಲ್ಲ, ನಿನ್ನನ್ನು ಚುಚ್ಚುವಂಥದ್ದು ಯಾವುದೂ ಇಲ್ಲ. ಬರೀ ದನಿ.

ಅದು ಗಟ್ಟಿಯಾದ ಮೇಲೆ ಜಿ.ಎಸ್. ಶಿವರುದ್ರಪ್ಪನವರ "ಎದೆ ತುಂಬಿ ಹಾಡಿದೆನು" ಎತ್ತಿಕೋ. 1926ರಲ್ಲಿ ನಮ್ಮ ಶಿಕಾರಿಪುರದ ಕಡೆಯೇ ಹುಟ್ಟಿದವರು. ಬಹಳ ಜನ ಮೊದಲ ಚರಣ ಹಾಡಿ ಬಿಡುತ್ತಾರೆ. ಕೊನೆಯವರೆಗೆ ಹೋಗು. ಯಾರು ಕಿವಿ ಮುಚ್ಚಿಕೊಂಡರೂ ತನಗೆ ಚಿಂತೆಯಿಲ್ಲ, ಹಾಡದೆ ತನಗೆ ಗತ್ಯಂತರವಿಲ್ಲ ಎನ್ನುತ್ತಾರೆ ಅಲ್ಲಿ. ನಿನ್ನ ಪತ್ರ ಓದುವಾಗ ನನಗೆ ಮೊದಲು ನೆನಪಾದದ್ದು ಅದೇ ಜಾಗ.

ಇನ್ನು ಮಗುವಿನ ಪ್ರಶ್ನೆ. ಮೂವತ್ತೊಂದು ವರ್ಷ ಗೋವಿನ ಹಾಡು ಕಲಿಸಿದೆ, ಒಂದು ಮಗುವೂ ಹಾಗೆ ಕೇಳಿರಲಿಲ್ಲ. ನೀನು ಕೇಳಿದ್ದು ಸರಿ ಎಂದು ಅವಳಿಗೆ ಹೇಳು. ಪುಣ್ಯಕೋಟಿ ಒಂದೇ ಒಂದು ಸಲ ಮಾತು ಕೊಟ್ಟಿತು, ಒಂದೇ ಸಲ ಹೋಯಿತು. ದಿನಾ ಗವಿಗೆ ಹೋಗಿ ಬರಬೇಕು ಎಂದು ಹಾಡು ಹೇಳಿಲ್ಲ. ನಾಚಿಕೆ ಇಲ್ಲದ ಹುಲಿಯಾಗಿದ್ದರೆ ಹೋಗಬಾರದಿತ್ತು. ಮನೆಯಲ್ಲಿ ಹೇಳಿಕೊಡುವಾಗ, ಗೊಲ್ಲ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನಲ್ಲ, "ಗಂಗೆ ಬಾರೆ ಗೌರಿ ಬಾರೆ" ಎಂದು, ಆ ಜಾಗದಲ್ಲಿ ನಿಲ್ಲಿಸು. ಮುಂದಿನದು ಶಾಲೆಯವರು ಕಲಿಸಿಕೊಳ್ಳಲಿ. ಇಡೀ ಹಾಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗವೂ ಅದೇ.

ಬೆಳಕಿಂಡಿ, ಶಿವಮೊಗ್ಗ

ನಾನು ಹೆಣ್ಣುಮಕ್ಕಳ ಆಪ್ತಸಮಾಲೋಚನೆಯ ಕೆಲಸ ಮಾಡುತ್ತೇನೆ. ಎಲ್ಲಿ ಎಂದು ಹೇಳುವುದಿಲ್ಲ. ಮೇಷ್ಟ್ರು ಹೇಳಿದ ಉಸಿರಿನ ವಿಷಯ ನಾವೂ ಹೇಳಿಕೊಡುತ್ತೇವೆ, ಚೆನ್ನಾಗಿ ಕೆಲಸ ಮಾಡುತ್ತದೆ. ಹಾಡಿನ ಆಚೆಗೆ ಎರಡು ಮೂರು ವಿಷಯ ಹೇಳಲೇಬೇಕು, ದಯವಿಟ್ಟು ಓದಿ.

ನಿಮ್ಮ ಫೋನು. ಹಾಡು ಕೇಳುವ ಖಾತೆ ಮೊದಲು ಇಬ್ಬರ ಫೋನಿನಲ್ಲೂ ಇತ್ತಾ? ಇದ್ದರೆ ನೀವು ರಾತ್ರಿ ಮೂರು ಗಂಟೆಗೆ ಏನು ಕೇಳಿದಿರಿ, ಏನು ಹುಡುಕಿದಿರಿ ಎಂಬುದೆಲ್ಲ ಆ ಕಡೆಯವರಿಗೂ ಕಾಣಿಸುತ್ತದೆ. ಇವತ್ತೇ ಹೊಸ ಖಾತೆ ಮಾಡಿಕೊಳ್ಳಿ, ಇಲ್ಲವೇ ಪಾಸ್‌ವರ್ಡ್ ಬದಲಿಸಿ ಎಲ್ಲ ಫೋನಿನಿಂದಲೂ ಹೊರಗೆ ಬನ್ನಿ. ಲೊಕೇಶನ್ ಹಂಚಿಕೆ ಆನ್ ಇದೆಯಾ ನೋಡಿ. ಒಂದು ಹಾಡಾದ ಮೇಲೆ ಅದಾಗಿಯೇ ಇನ್ನೊಂದು ಬರುವುದನ್ನೂ ನಿಲ್ಲಿಸಿ. ನಿಮಗೆ ಬೇಕಾದ ಐದಾರು ಹಾಡು ಆರಿಸಿ ಫೋನಿನಲ್ಲೇ ಇಟ್ಟುಕೊಳ್ಳಿ. ಬೇಡದ ಹಾಡು ತಟ್ಟನೆ ಬಂದು ದಿನವೆಲ್ಲ ಕೆಟ್ಟದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2005ರದ್ದು. ಅದರಲ್ಲಿ ಹೊಡೆತ ಮಾತ್ರ ಅಲ್ಲ, ಬೈಗುಳ, ಅವಮಾನ, ದುಡ್ಡು ಕೊಡದೆ ಸತಾಯಿಸುವುದು ಎಲ್ಲವೂ ಹಿಂಸೆಯೇ. ಬಿಟ್ಟು ಬಂದ ಮೇಲೂ ರಕ್ಷಣೆ ಮತ್ತು ಜೀವನಾಂಶ ಕೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 181, ಹಗಲು ರಾತ್ರಿ. ತಕ್ಷಣದ ಅಪಾಯ ಇದ್ದರೆ 112. ನಿದ್ದೆ ಬಾರದೆ ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಡು ಕೇಳಿದಿರಲ್ಲ. ನಮ್ಮಲ್ಲಿಗೆ ಬರುವ ಹೆಂಗಸರು ಸಿನಿಮಾ ಹಾಡು ಹಾಡುವುದು ಕಮ್ಮಿ. ಒಬ್ಬರು ಅಜ್ಜಿ ಬರುತ್ತಿದ್ದರು, ಸೊಸೆಗೆ ಜೊತೆಯಾಗಿ. ಹೌದು, ಸ್ವಂತ ಮಗನ ವಿರುದ್ಧ ಸೊಸೆಯ ಜೊತೆ ನಿಂತವರು. ಕಾಯುವ ಬೆಂಚಿನ ಮೇಲೆ ಕೂತು "ತವರೂರ ಹಾದೀಲಿ ಕಲ್ಲಿಲ್ಲ ಮುಳ್ಳಿಲ್ಲ" ಎಂದು ಸಣ್ಣಗೆ ಹೇಳುತ್ತಿದ್ದರು, ಸೊಸೆಯ ಮಂಡಿ ತಟ್ಟುತ್ತಾ. ಆ ಹುಡುಗಿಗೆ ಅಪ್ಪ ಅಮ್ಮ ಇರಲಿಲ್ಲ. ಅತ್ತೆಯೇ ತವರಾಗಿದ್ದರು. ಆ ತ್ರಿಪದಿ ಕೇಳಿದಾಗಲೆಲ್ಲ ನನಗೆ ಆ ಕೈ ಕಣ್ಣ ಮುಂದೆ ಬರುತ್ತದೆ.

ಇಯರ್‌ಫೋನ್ ಹುಡುಗಿ, ಸಾಗರ

ಅಕ್ಕ, ನಂದು ಮದುವೆ ಅಲ್ಲ, ಕಾಲೇಜಿನಿಂದ ನಾಲ್ಕು ವರ್ಷದ ಸಂಬಂಧ. ಅದರಲ್ಲೂ ಇದೆಲ್ಲ ಇತ್ತು. ಅವನು ನನಗೆ ಕಳಿಸುತ್ತಿದ್ದ ಹಾಡುಗಳನ್ನು ಈಗಲೂ ಕೇಳಲಾರೆ, ಬಿಟ್ಟುಬಿಟ್ಟೆ. ಹೊಸ ಹಾಡು ಹುಡುಕುವ ಬದಲು ಅವನಿಗೂ ಮುಂಚೆ ನನ್ನದಾಗಿದ್ದದ್ದಕ್ಕೆ ಹೋದೆ. ಬೆಟ್ಟದ ಹೂವು ಸಿನಿಮಾದ "ಬಿಸಿಲೇ ಇರಲಿ ಮಳೆಯೇ ಬರಲಿ". 1985ರಲ್ಲಿ ಪುನೀತ್ ಚಿಕ್ಕ ಹುಡುಗನಾಗಿ ಹಾಡಿದ್ದು. ನಾನು ಏಳು ವರ್ಷದವಳಿದ್ದಾಗ ಅಜ್ಜನ ಮನೆ ಟಿವಿಯಲ್ಲಿ ಕೇಳಿದ್ದು. ಶಿವಮೊಗ್ಗದಿಂದ ತಾಳಗುಪ್ಪದ ರೈಲಿನಲ್ಲಿ ಬಾಗಿಲ ಹತ್ತಿರ ಕೂತು ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುತ್ತಾ ಬಂದೆ. ನಿಮ್ಮ ಮಗಳಿಗೂ ಇಷ್ಟ ಆಗಬಹುದು, ಮಕ್ಕಳ ದನಿ ಅಲ್ವಾ.

ಸೋನೆಮಳೆ, ಹೊಸನಗರದ ಕಡೆ

ಹದಿನೆಂಟು ದಿನ ಆಯಿತು, ಉತ್ತರ ಬರೆಯಲು ತಡವಾಯಿತು. ಅಡಿಕೆ ಗೊನೆ ಕೊಯ್ಲು ನಡೆಯುತ್ತಿದೆ. ಬೆರಳಿಗೆಲ್ಲ ಚೊಗರು ಹತ್ತಿ ಕಪ್ಪಾಗಿದೆ, ಫೋನಿನ ಮೇಲೂ ಕಲೆ.

ಮೊದಲು ಬೆಳಕಿಂಡಿ ಮೇಡಂಗೆ. ಖಾತೆ ಒಂದೇ ಇತ್ತು. ನೀವು ಹೇಳಿದ ದಿನವೇ ನೋಡಿದೆ, ನನ್ನ ಫೋನಲ್ಲದೆ ಇನ್ನೊಂದು ಫೋನಿನ ಹೆಸರು ಅಲ್ಲಿತ್ತು. ಒಂದು ವರ್ಷ ಮೂರು ತಿಂಗಳು ನಾನು ಕೇಳಿದ ಪ್ರತಿ ಹಾಡನ್ನೂ ಅವನು ನೋಡುತ್ತಿದ್ದಿರಬಹುದು. ಕೈಕಾಲು ತಣ್ಣಗಾಯಿತು. ತಮ್ಮ ಕೂತು ಎಲ್ಲ ಬದಲಿಸಿಕೊಟ್ಟ. 181ಕ್ಕೂ ಮಾತಾಡಿದೆ. ವಕೀಲರನ್ನು ನೋಡಲು ಮುಂದಿನ ವಾರ ಹೋಗುತ್ತೇನೆ, ಅಮ್ಮನೂ ಬರುತ್ತಾಳೆ.

ಮೇಷ್ಟ್ರೇ, ರಾತ್ರಿ "ಮ್" ಮಾಡಿದೆ. ಮೊದಲ ಎರಡು ರಾತ್ರಿ ಅಳು ಬಂದು ನಡುವೆಯೇ ನಿಂತಿತು. ಮೂರನೇ ರಾತ್ರಿ ಆರು ಸಲ ಆಯಿತು, ಏಳನೆಯದು ನೆನಪಿಲ್ಲ, ನಿದ್ದೆ ಬಂದಿರಬೇಕು. ಹಗಲಲ್ಲಿ ಮೆಷಿನ್ ಓಡುವಾಗ ಅದರ ಸದ್ದಿನ ಅಡಿಯಲ್ಲಿ ಸರಿಗಮ ಶುರು ಮಾಡಿದೆ. ಮೋಟಾರು ಗುರ್ ಅನ್ನುತ್ತಿದ್ದರೆ ಯಾರಿಗೂ ಕೇಳಿಸುವುದಿಲ್ಲ, ನನಗೂ ಅಷ್ಟಾಗಿ ಕೇಳಿಸುವುದಿಲ್ಲ. ಆ ಧೈರ್ಯದ ಮೇಲೆ ಒಂದು ದಿನ "ಎದೆ ತುಂಬಿ ಹಾಡಿದೆನು" ಎತ್ತಿಕೊಂಡೆ. ಒಂದು ರವಿಕೆಯ ತೋಳು ಕೂರಿಸುತ್ತಿದ್ದೆ. ಗಮನ ಪೂರ್ತಿ ಹೊಲಿಗೆಯ ಮೇಲಿತ್ತು. ಎರಡನೇ ಚರಣದಲ್ಲಿ ಕರೆಂಟ್ ಹೋಯಿತು. ಮೆಷಿನ್ ನಿಂತಿತು. ನಾನು ನಿಲ್ಲಲಿಲ್ಲ, ನಿಲ್ಲಬೇಕೆಂದು ಹೊಳೆಯಲೇ ಇಲ್ಲ. ಮನೆ ಪೂರ್ತಿ ನಿಶ್ಶಬ್ದ. ನನ್ನ ದನಿ ಒಂದೇ, ಗೋಡೆಗೆ ಹೋಗಿ ಬಂದು ಮಾಡುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಲು ಆ ಡಬ್ಬಿ ತೆಗೆದುಕೊಂಡಿದ್ದಳಂತೆ. ಹಾಡು ಮುಗಿಯುವವರೆಗೆ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದಳು, ಎಣ್ಣೆ ಸೀದು ಹೋಯಿತು. ಮಧ್ಯಾಹ್ನದ ಸಾರಿಗೆ ಒಗ್ಗರಣೆಯೇ ಇರಲಿಲ್ಲ. ಯಾರೂ ಏನೂ ಹೇಳಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯುತ್ತಿಲ್ಲ. ನಿನ್ನೆ ಮತ್ತೆ ಮೂರು ಗಂಟೆಗೆ ಎಚ್ಚರವಾಗಿತ್ತು.

ತುಮರಿ ಅಕ್ಕ, ಸುಲಿಗೆಗೆ ಹೋಗಿ ಕೂರುತ್ತಿದ್ದೇನೆ. ಪಕ್ಕದ ಮನೆಯವರ ಅಂಗಳದಲ್ಲಿ ಎಂಟು ಜನ. ಇನ್ನೂ ಅವರ ಜೊತೆ ದನಿ ಸೇರಿಸಿಲ್ಲ, ಕೇಳುತ್ತೇನೆ. ಸಂಜೆ ದನ ಕರೆಯುವುದು ಮಾತ್ರ ನಮ್ಮ ಕೆಲಸವಾಗಿದೆ, ನನ್ನದು ಮತ್ತು ಮಗಳದ್ದು. ಮೇಷ್ಟ್ರು ಹೇಳಿದ ಜಾಗವನ್ನೇ ಹಿಡಿದುಕೊಂಡಿದ್ದೇವೆ. ನಮ್ಮಲ್ಲಿರುವುದು ಮೂರು ದನ, ಬೆಳ್ಳಿ, ಕಾವೇರಿ, ಒಂದು ಹೆಸರಿಡದ ಕರು. "ಬೆಳ್ಳಿ ಬಾರೆ, ಕಾವೇರಿ ಬಾರೆ" ಎಂದು ಅದೇ ರಾಗದಲ್ಲಿ ಅವಳು ಕರೆಯುತ್ತಾಳೆ, ನಾನು ಗೇಟು ಹಿಡಿದು ನಿಲ್ಲುತ್ತೇನೆ. ನಿನ್ನೆ ದನಗಳೆಲ್ಲ ಒಳಗೆ ಬಂದವು. ನಾನು ಇನ್ನೂ ಗೇಟಿನಾಚೆ, ತೋಟದ ಕಡೆ ನೋಡುತ್ತಾ ನಿಂತಿದ್ದೆ. ಅವಳು ಕೊಟ್ಟಿಗೆಯ ಬಾಗಿಲಿಗೆ ಬಂದು, ಎರಡೂ ಕೈ ಬಾಯಿಗೆ ಹಿಡಿದುಕೊಂಡು, "ಅಮ್ಮ ನೀನು ಬಾರೆ" ಎಂದು ಕೂಗಿದಳು.

ನಾನೂ ಅಷ್ಟೇ ಜೋರಾಗಿ ಓಗೊಟ್ಟೆ.